ವ್ಯಾಪಾರದಿಂದ ಸಂಸತ್ತಿಗೆ: ಟಿ.ಟಿ. ಕೃಷ್ಣಮಾಚಾರಿಯವರ ಸಾರ್ವಜನಿಕ ಬದುಕು

ಸಭಿಕರೆ,

ಟಿ.ಟಿ. ಕೃಷ್ಣಮಾಚಾರಿ ಎಂದೊಡನೆ ಹಳಬರಿಗೆ ಮುಂಧ್ರಾ ಹಗರಣ ನೆನಪಾಗುತ್ತದೆ; ಉಳಿದವರಿಗೆ, ಹೆಸರು ಅಷ್ಟಾಗಿ ಗೊತ್ತಿಲ್ಲದಿದ್ದರೂ, ಅವರ ಮನೆತನದ ಉದ್ಯಮ ತಯಾರಿಸಿದ ಪ್ರೆಸ್ಟೀಜ್ ಕುಕ್ಕರ್ ಗೊತ್ತು. ವ್ಯಾಪಾರದಲ್ಲಿ ಪಳಗಿದವನೊಬ್ಬ ಶಾಸನಸಭೆಗೆ ಬಂದಾಗ ತನ್ನೊಂದಿಗೆ ಏನನ್ನು ತರುತ್ತಾನೆ, ಯಾವುದನ್ನು ಕಳಚಿಟ್ಟು ಬರಲಾರ ಎಂಬುದನ್ನು ಅವರ ಬದುಕಿನ ಮೂಲಕ ನೋಡುವುದು ಇಂದಿನ ನನ್ನ ಉದ್ದೇಶ.

1899ರಲ್ಲಿ ಮದರಾಸಿನಲ್ಲಿ ಹುಟ್ಟಿದ ಅವರು 1928ರಲ್ಲಿ ಸ್ವಂತ ಏಜೆನ್ಸಿ ಸಂಸ್ಥೆಯನ್ನು ಕಟ್ಟಿ, ದಿನಬಳಕೆಯ ಸರಕುಗಳನ್ನು ದಕ್ಷಿಣದ ಊರುಗಳ ಅಂಗಡಿಗಳಿಗೆ ತಲುಪಿಸುವ ಜಾಲವನ್ನು ಬೆಳೆಸಿದರು. 1937ರಲ್ಲಿ ಮದರಾಸು ಶಾಸನಸಭೆ, 1942ರಲ್ಲಿ ಕೇಂದ್ರ ಶಾಸನಸಭೆ, ಆಮೇಲೆ ಸಂವಿಧಾನ ಸಭೆ: ಈ ಮೆಟ್ಟಿಲುಗಳನ್ನು ಅವರು ಬೇಗಬೇಗ ಏರಿದರು.

1948ರ ನವೆಂಬರ್ 5ರಂದು ಸಂವಿಧಾನ ಸಭೆಯಲ್ಲಿ ಅವರು ಆಡಿದ ಮಾತುಗಳಲ್ಲಿ ಲೆಕ್ಕ ಒಪ್ಪಿಸುವವನ ಧಾಟಿಯಿದೆ. ಕರಡು ಸಮಿತಿಯ ಏಳು ಮಂದಿಯಲ್ಲಿ ಒಬ್ಬರು ರಾಜೀನಾಮೆ ಕೊಟ್ಟರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು, ಇನ್ನೊಬ್ಬರು ಸಂಸ್ಥಾನದ ಕೆಲಸದಲ್ಲಿ ಮುಳುಗಿದ್ದರು, ಒಂದಿಬ್ಬರು ದೆಹಲಿಯಿಂದ ದೂರವಿದ್ದರು ಎಂದು ಪಟ್ಟಿ ಹೇಳಿ, ಕೊನೆಗೆ ಹೊರೆಯೆಲ್ಲ ಡಾ. ಅಂಬೇಡ್ಕರ್ ಅವರ ಮೇಲೆ ಬಿತ್ತೆಂದು ಸಭೆಯ ಗಮನಕ್ಕೆ ತಂದರು. ಹಿಂದಿ ಹೇರಿಕೆಯ ಉತ್ಸಾಹದಿಂದ ದಕ್ಷಿಣದಲ್ಲಿ ಪ್ರತ್ಯೇಕತೆಯ ಮನೋಭಾವಕ್ಕೆ ಬಲ ಬರುತ್ತದೆಂದು ಉತ್ತರದ ಸದಸ್ಯರನ್ನು ಎಚ್ಚರಿಸಿದ್ದೂ ಅದೇ ಭಾಷಣದಲ್ಲಿ. ಮುಂದೆ ಅವರೂ ಕರಡು ಸಮಿತಿಯನ್ನು ಸೇರಿದರು.

ನೆಹರೂ ಸಂಪುಟದಲ್ಲಿ 1952ರಿಂದ ವಾಣಿಜ್ಯ ಮತ್ತು ಕೈಗಾರಿಕೆ, ನಂತರ ಉಕ್ಕು ಖಾತೆ, 1956ರಲ್ಲಿ ಹಣಕಾಸು. ತಮ್ಮವನೇ ಹಣಕಾಸು ಸಚಿವನಾದನೆಂದು ವರ್ತಕರು ಹಿಗ್ಗಿದ್ದರೆ, ಆ ಹಿಗ್ಗು ಬಹುಕಾಲ ಉಳಿಯುವಂತಿರಲಿಲ್ಲ: ಅರ್ಥಶಾಸ್ತ್ರಜ್ಞ ಕಾಲ್ಡೋರ್ ಅವರ ಸಲಹೆಯ ಜಾಡಿನಲ್ಲಿ ಸಂಪತ್ತಿನ ತೆರಿಗೆಯನ್ನೂ ವೆಚ್ಚ ತೆರಿಗೆಯನ್ನೂ 1957ರಲ್ಲಿ ತಂದವರು ಇವರೇ. ಹಣ ಎಲ್ಲೆಲ್ಲಿ ಅವಿತಿರುತ್ತದೆಂದು ಒಳಗಿದ್ದು ಬಲ್ಲವರಿಗೆ ಇಂಥ ಧೈರ್ಯ ಸುಲಭವಾಗಿ ಬರುತ್ತದೆಂದು ನನ್ನ ಊಹೆ.

ಅದೇ ವರ್ಷ ಜೂನ್‌ನಲ್ಲಿ, ಆಗಷ್ಟೇ ಹುಟ್ಟಿದ್ದ ಜೀವ ವಿಮಾ ನಿಗಮವು ಹಣದ ಇಕ್ಕಟ್ಟಿನಲ್ಲಿದ್ದ ಉದ್ಯಮಿ ಹರಿದಾಸ್ ಮುಂಧ್ರಾ ಅವರ ಆರು ಕಂಪನಿಗಳ ಷೇರುಗಳನ್ನು ಸುಮಾರು 1.25 ಕೋಟಿ ರೂಪಾಯಿಗೆ ಕೊಂಡಿತು. ಫಿರೋಜ್ ಗಾಂಧಿ ಅದನ್ನು ಲೋಕಸಭೆಯಲ್ಲಿ ಎತ್ತಿದರು; ಆಳುವ ಪಕ್ಷದ ಸದಸ್ಯನೇ ತನ್ನ ಪಕ್ಷದ ಸಚಿವನನ್ನು ಹೀಗೆ ಕಟಕಟೆಗೆ ತರುವುದು ಇಂದು ನಮಗೆ ಅಪರಿಚಿತ ದೃಶ್ಯ. ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಬಹಿರಂಗ ವಿಚಾರಣೆ ನಡೆಸಿದಾಗ ಜನ ಎಷ್ಟು ಕಿಕ್ಕಿರಿದರೆಂದರೆ, ಹೊರಗೆ ನಿಂತವರಿಗೆ ಕೇಳಿಸಲು ಧ್ವನಿವರ್ಧಕ ಹಾಕಬೇಕಾಯಿತು. ಒಪ್ಪಿಗೆ ಕೊಟ್ಟಿರಲಿಲ್ಲವೆಂದು ಸಚಿವರು, ಸಚಿವರಿಗೆ ತಿಳಿದೇ ನಡೆಯಿತೆಂದು ಹಣಕಾಸು ಕಾರ್ಯದರ್ಶಿ ಎಚ್.ಎಂ. ಪಟೇಲ್. ಕಾರ್ಯದರ್ಶಿಯ ಕೃತ್ಯಕ್ಕೆ ಸಚಿವರೇ ಸಂವಿಧಾನಾತ್ಮಕವಾಗಿ ಹೊಣೆ ಎಂದರು ಛಾಗ್ಲಾ. 1958ರ ಫೆಬ್ರವರಿಯಲ್ಲಿ ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಸ್ವಂತ ಲಾಭದ ಆರೋಪ ಅಲ್ಲಿರಲಿಲ್ಲ. ವ್ಯಾಪಾರದಲ್ಲಿ ಗುಮಾಸ್ತೆಯ ತಪ್ಪನ್ನು ಅವನ ಲೆಕ್ಕಕ್ಕೆ ಬರೆದು ಮುಂದೆ ಸಾಗಬಹುದು, ಸಂಸತ್ತಿನಲ್ಲಿ ಹಾಗಾಗದು.

1962ರಲ್ಲಿ ತಿರುಚೆಂದೂರಿನಿಂದ ಅವಿರೋಧವಾಗಿ ಗೆದ್ದು ಮರಳಿದ ಅವರು ಮರುವರ್ಷ ಮತ್ತೆ ಹಣಕಾಸು ಸಚಿವರಾದರು. ಸಣ್ಣ ಉಳಿತಾಯಗಾರರ ಹಣವನ್ನು ಒಟ್ಟುಗೂಡಿಸಿ ಹೂಡುವ ಯೂನಿಟ್ ಟ್ರಸ್ಟ್ ಮತ್ತು ಕೈಗಾರಿಕಾ ಅಭಿವೃದ್ಧಿ ಬ್ಯಾಂಕು 1964ರಲ್ಲಿ ಹುಟ್ಟಿದ್ದು ಈ ಅವಧಿಯಲ್ಲಿ. ಎರಡನೆಯ ಪತನದ ಕಾರಣ ಬೇರೆ. ಮಕ್ಕಳ ಕೈಯಲ್ಲಿದ್ದ ಉದ್ಯಮಕ್ಕೆ ಅಧಿಕಾರದ ನೆರಳು ಸಿಕ್ಕಿದೆಯೆಂಬ ಆರೋಪ ಎದ್ದಾಗ, ಪ್ರಧಾನಿ ಶಾಸ್ತ್ರಿಯವರು ತಾವೇ ಅದನ್ನು ತಳ್ಳಿಹಾಕಬೇಕೆಂದು ಇವರು ಬಯಸಿದರು. ನ್ಯಾಯಮೂರ್ತಿಯೊಬ್ಬರ ಅಭಿಪ್ರಾಯ ಪಡೆಯುವುದು ಲೇಸೆಂದು ಶಾಸ್ತ್ರಿಯವರಿಗೆ ತೋರಿತು. ನನ್ನ ಮಟ್ಟಿಗೆ ಶಾಸ್ತ್ರಿಯವರ ನಿಲುವೇ ಸರಿ, ಏಕೆಂದರೆ ಮುಂಧ್ರಾ ಪ್ರಕರಣದಂತೆ ಇದು ಕಾರ್ಯದರ್ಶಿಯೊಬ್ಬರ ಕಡತದ ಪ್ರಶ್ನೆಯಾಗಿರಲಿಲ್ಲ; ಮನೆಯ ಹೆಸರೇ ಕಂಪನಿಯ ಹೆಸರಾಗಿರುವಾಗ, ಹುದ್ದೆ ತೊರೆದ ಮಾತ್ರಕ್ಕೆ ನಂಟು ಕಡಿಯುವುದಿಲ್ಲ. 1965ರ ಡಿಸೆಂಬರ್ ಕೊನೆಯಲ್ಲಿ ಅವರು ಸಂಪುಟದಿಂದ ಹೊರಬಂದರು. 1974ರಲ್ಲಿ ತೀರಿಕೊಳ್ಳುವವರೆಗೂ ಮತ್ತೆ ಸಚಿವರಾಗಲಿಲ್ಲ.