ನೀರಿನ ಲೆಕ್ಕ, ನೆತ್ತರಿನ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ನಲ್ಲಿ ನೀರಿನ ಲೆಕ್ಕ ಒಂದು ಕಚೇರಿಯಲ್ಲಿರುತ್ತದೆ. ಆ ನೀರು ಕುಡಿದ ಮಕ್ಕಳ ರಕ್ತಪರೀಕ್ಷೆಯ ಲೆಕ್ಕ ಆಸ್ಪತ್ರೆಯಲ್ಲಿರುತ್ತದೆ. ಎರಡನ್ನೂ ಬರೆದವರು ಶ್ರದ್ಧೆಯಿಂದಲೇ ಬರೆದಿರುತ್ತಾರೆ. ಆದರೆ ಆ ಎರಡು ಪುಸ್ತಕಗಳನ್ನು ಒಂದೇ ಮೇಜಿನ ಮೇಲೆ ಬಿಚ್ಚಿಟ್ಟು ನೋಡುವವರು ಸಿಗುವುದು ಅಪರೂಪ. ಆಹಾರಕ್ಕೋ ನೀರಿಗೋ ಸೇರಿದ ರಾಸಾಯನಿಕ ವಿಷ ಎಷ್ಟೋ ಸಲ ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಉಳಿಯುವುದು ಈ ಕಾರಣಕ್ಕೆ ಎಂದು ನಾನು ನಂಬಿದ್ದೇನೆ. ಅಳತೆ ಆಗಿರುತ್ತದೆ, ಆದರೆ ಒಂದರ ಪಕ್ಕ ಇನ್ನೊಂದನ್ನು ಇಟ್ಟಿರುವುದಿಲ್ಲ.

ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. 2014ರ ಏಪ್ರಿಲ್‌ನಲ್ಲಿ, ಖರ್ಚು ಉಳಿಸಲೆಂದು, ಅಲ್ಲಿಯ ಕುಡಿಯುವ ನೀರಿನ ಮೂಲವನ್ನೇ ಬದಲಾಯಿಸಿದರು. ಹ್ಯೂರನ್ ಸರೋವರದ ನೀರು ನಿಂತು ಫ್ಲಿಂಟ್ ನದಿಯ ನೀರು ಬಂತು. ಪೈಪುಗಳು ಒಳಗಿನಿಂದ ಸವೆಯದಂತೆ ಬೆರೆಸಬೇಕಾಗಿದ್ದ ರಾಸಾಯನಿಕವನ್ನು ಬೆರೆಸಲಿಲ್ಲ. ಹಳೆಯ ಪೈಪುಗಳ ಸೀಸ ನೀರಿಗಿಳಿಯಿತು. ಬಣ್ಣಗೆಟ್ಟ ನೀರನ್ನು ಜನ ಬಾಟಲಿಯಲ್ಲಿ ಹಿಡಿದು ತಂದು ತೋರಿಸಿದರು. ನೀರು ಸರಿಯಾಗಿದೆ ಎಂಬ ಉತ್ತರವೇ ಮತ್ತೆ ಮತ್ತೆ ಬಂತು.

ಆ ನಗರದ ಮಕ್ಕಳ ವೈದ್ಯೆ ಮೋನಾ ಹನ್ನಾ-ಅಟೀಶಾ 2015ರಲ್ಲಿ ಒಂದು ಕೆಲಸ ಮಾಡಿದರು. ಹೊಸದಾಗಿ ಒಂದು ಹನಿ ರಕ್ತವನ್ನೂ ತೆಗೆಯಲಿಲ್ಲ. ಪುಟ್ಟ ಮಕ್ಕಳಿಗೆ ವಾಡಿಕೆಯಂತೆ ಮಾಡಿದ್ದ ಸೀಸದ ಪರೀಕ್ಷೆಯ ಫಲಿತಾಂಶಗಳು ಆಸ್ಪತ್ರೆಯ ಕಂಪ್ಯೂಟರಿನಲ್ಲೇ ಇದ್ದವು. ನೀರು ಬದಲಾಗುವ ಮೊದಲಿನವು, ಬದಲಾದ ಮೇಲಿನವು ಎಂದು ಅವನ್ನು ಎರಡು ಗುಂಪು ಮಾಡಿ ನೋಡಿದರು. ನಗರದಲ್ಲಿ ರಕ್ತದ ಸೀಸ ಮಿತಿಮೀರಿದ್ದ ಐದು ವರ್ಷದೊಳಗಿನ ಮಕ್ಕಳ ಪ್ರಮಾಣ ಶೇಕಡಾ 2.4ರಿಂದ 4.9ಕ್ಕೆ, ಅಂದರೆ ಎರಡರಷ್ಟಕ್ಕೆ, ಏರಿತ್ತು. ನೀರಿನಲ್ಲಿ ಸೀಸ ಹೆಚ್ಚಿದ್ದ ಬಡಾವಣೆಗಳಲ್ಲಿ ಅದು 4ರಿಂದ 10.6ಕ್ಕೆ ಹೋಗಿತ್ತು.

ರಾಜ್ಯದ ಅಧಿಕಾರಿಗಳು ಮೊದಲು ಇದನ್ನು ಒಪ್ಪಲಿಲ್ಲ. ಅವರ ಬಳಿಯೂ ಮಕ್ಕಳ ರಕ್ತದ ಲೆಕ್ಕ ಇತ್ತು, ಆದರೆ ಅದನ್ನು ಅವರು ಅಂಚೆಯ ಪಿನ್‌ಕೋಡ್ ಪ್ರಕಾರ ಕೂಡಿಸಿದ್ದರು. ಪಿನ್‌ಕೋಡ್ ಹುಟ್ಟಿದ್ದು ಕಾಗದ ಹಂಚಲು. ನೀರಿನ ಪೈಪು ಎಲ್ಲಿಯವರೆಗೆ ಹೋಗಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ವಿಳಾಸದಲ್ಲಿ ಫ್ಲಿಂಟ್ ಎಂದಿದ್ದ ಮನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ನಗರದ ಗಡಿಯಾಚೆ ಇದ್ದವು. ಆ ಮನೆಗಳ ಮಕ್ಕಳು ಈ ನೀರನ್ನು ಕುಡಿಯುತ್ತಲೇ ಇರಲಿಲ್ಲ. ಅವರನ್ನೂ ಸೇರಿಸಿ ಸರಾಸರಿ ತೆಗೆದರೆ ಏರಿಕೆ ತೆಳುವಾಗದೆ ಇದ್ದೀತೇ? ಭೂಗೋಳತಜ್ಞ ರಿಚರ್ಡ್ ಸ್ಯಾಡ್ಲರ್ ಒಂದೊಂದು ಮನೆಯ ವಿಳಾಸವನ್ನೂ ನಕ್ಷೆಯ ಮೇಲೆ ಚುಕ್ಕಿಯಾಗಿಟ್ಟು, ನಗರದ ನೀರು ಬರುವ ಮನೆಗಳನ್ನು ಬೇರೆ ಮಾಡಿದಾಗ ಸತ್ಯ ಎದ್ದು ಕಂಡಿತು. ಆ ಅಕ್ಟೋಬರಿನಲ್ಲಿ ನಗರ ಹಳೆಯ ನೀರಿಗೆ ಮರಳಿತು. ಅಷ್ಟರಲ್ಲಿ ಹದಿನೆಂಟು ತಿಂಗಳು ಕಳೆದಿದ್ದವು. ಮಗುವಿನ ಮಿದುಳಿಗೆ ಸೀಸ ಮಾಡಿದ ಹಾನಿಯನ್ನು ವಾಪಸು ತೆಗೆಯುವ ಔಷಧಿ ಇಲ್ಲ.

ಜಾಗ ಹೊಂದಿಸಿದ ಮೇಲೆ ಹೆಸರು ಹೊಂದಿಸಬೇಕು. ಒಂದೇ ಕೀಟನಾಶಕಕ್ಕೆ ಕಂಪನಿ ಇಟ್ಟ ಹೆಸರೊಂದು, ರಸಾಯನಶಾಸ್ತ್ರದ ಉದ್ದ ಹೆಸರೊಂದು, ಕಚೇರಿಯ ಸಂಕ್ಷಿಪ್ತ ರೂಪ ಇನ್ನೊಂದು. ಕಂಪ್ಯೂಟರಿಗೆ ಇವು ಮೂರು ಬೇರೆ ವಸ್ತುಗಳು. ಅದಕ್ಕಾಗಿಯೇ ಒಂದೊಂದು ರಾಸಾಯನಿಕಕ್ಕೂ ಅದರದೇ ಒಂದು ಗುರುತಿನ ಸಂಖ್ಯೆ ಕೊಡುವ, ಸಿಎಎಸ್ ಸಂಖ್ಯೆ ಎಂಬ ಏರ್ಪಾಡು ಇದೆ. ಡಿಡಿಟಿಗೆ 50-29-3, ಆರ್ಸೆನಿಕ್‌ಗೆ 7440-38-2. ಬರೆಯುವಾಗ ಒಂದು ಅಂಕಿ ತಪ್ಪಿದರೆ ಹಿಡಿಯುವ ಉಪಾಯವೂ ಅದರೊಳಗೇ ಇದೆ. ಕೊನೆಯ ಅಂಕಿಯನ್ನು ಬಿಟ್ಟು ಉಳಿದವನ್ನು ಬಲದಿಂದ ಎಡಕ್ಕೆ 1, 2, 3 ಎಂದು ಕ್ರಮವಾಗಿ ಗುಣಿಸಿ ಕೂಡಿಸಿ. ಡಿಡಿಟಿಗೆ 9, 4, 0, 20, ಒಟ್ಟು 33. ಆ ಮೊತ್ತದ ಕೊನೆಯ ಅಂಕಿ 3, ಸಂಖ್ಯೆಯ ಕೊನೆಯಲ್ಲಿರುವುದೂ 3. ಪ್ರತಿ ಪಟ್ಟಿಯಲ್ಲೂ ಹೆಸರಿನ ಪಕ್ಕ ಈ ಸಂಖ್ಯೆಯೊಂದನ್ನು ಬರೆದಿಟ್ಟಿದ್ದರೆ ಎಷ್ಟು ತಿಂಗಳುಗಳ ಕೆಲಸ ಉಳಿಯುತ್ತದೆ ಎಂಬುದು ಪಟ್ಟಿ ಕೂಡಿಸಲು ಕೂತವರಿಗೇ ಗೊತ್ತು.

ನಾನೂ ಹಾಗೆ ಕೂತವನು. ನೀರಿನ ನೈಟ್ರೇಟ್ ಪಟ್ಟಿಗಳೆರಡನ್ನು ಒಮ್ಮೆ ಸೇರಿಸುತ್ತಿದ್ದೆ. ಒಂದು ಪಟ್ಟಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಎಂದಿತ್ತು. ಆಮೇಲಿನ ವರ್ಷದ ಪಟ್ಟಿಯಲ್ಲಿ, ಅದೇ ಬಾವಿಗೆ, 40. ನಾಲ್ಕು ಪಟ್ಟು ಹೆಚ್ಚಿತಲ್ಲ ಎಂದು ಎದೆ ಧಸಕ್ಕೆಂದಿತು. ಎರಡೂ ಲ್ಯಾಬಿನವರನ್ನು ಕೇಳಿದಾಗ ತಿಳಿದದ್ದು ಇಷ್ಟು: ಮೊದಲನೆಯವರು ನೈಟ್ರೇಟಿನೊಳಗಿನ ಸಾರಜನಕವನ್ನು ಮಾತ್ರ ತೂಗಿ ಬರೆಯುತ್ತಿದ್ದರು, ಎರಡನೆಯವರು ಇಡೀ ನೈಟ್ರೇಟನ್ನು. ಸಾರಜನಕದ ಲೆಕ್ಕವನ್ನು 4.43ರಿಂದ ಗುಣಿಸಿದರೆ ನೈಟ್ರೇಟಿನ ಲೆಕ್ಕ ಸಿಗುತ್ತದೆ. ಒಂಬತ್ತನ್ನು ಗುಣಿಸಿ ನೋಡಿ, ನಲವತ್ತೇ ಬರುತ್ತದೆ. ಬಾವಿಯಲ್ಲಿ ಏನೂ ಬದಲಾಗಿರಲಿಲ್ಲ. ಅಮೆರಿಕದ ಮಿತಿ 10 ಎಂದೂ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 50 ಎಂದೂ ಓದಿ ಗಾಬರಿಯಾಗುವವರಿಗೂ ಇದೇ ಉತ್ತರ, ಹೆಚ್ಚುಕಡಿಮೆ ಒಂದೇ ಮಿತಿಯನ್ನು ಎರಡು ಬಗೆಯಲ್ಲಿ ಹೇಳಿದ್ದು ಅದು. ಇದೇ ಗೊಂದಲ ತಿರುವುಮುರುವಾದರೆ ಅಪಾಯ. ನಿಜವಾಗಿ ಕೆಟ್ಟ ನೀರು ಪಟ್ಟಿಯಲ್ಲಿ ಒಳ್ಳೆಯದಾಗಿ ಕಾಣುತ್ತದೆ, ಆ ನೀರಿನಲ್ಲಿ ಕಲಸಿದ ಹಾಲಿನ ಪುಡಿ ಕುಡಿದ ಹಸುಗೂಸಿನ ಮೈ ಆಮ್ಲಜನಕವಿಲ್ಲದೆ ನೀಲಿಗಟ್ಟುತ್ತದೆ.

ಇನ್ನೊಂದು ಮಾತು ನನ್ನನ್ನು ಯಾವಾಗಲೂ ಕಾಡುತ್ತದೆ: "ಪತ್ತೆಯಾಗಿಲ್ಲ". ವರದಿಯಲ್ಲಿ ಆ ಪದ ಕಂಡರೆ ಮನಸ್ಸು ನಿರಾಳವಾಗುತ್ತದೆ. ಆದರೆ ಆ ಉಪಕರಣಕ್ಕೆ ಎಷ್ಟರಿಂದ ಮೇಲೆ ಕಾಣುತ್ತಿತ್ತು? ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐವತ್ತಕ್ಕಿಂತ ಕಡಿಮೆಯಿದ್ದರೆ ಕಾಣದ ಉಪಕರಣದಲ್ಲಿ ಮೂವತ್ತು ಇರುವ ನೀರೂ "ಪತ್ತೆಯಾಗಿಲ್ಲ" ಎಂದೇ ಹೊರಬರುತ್ತದೆ. ಪಟ್ಟಿ ಕೂಡಿಸುವವರು ಅದನ್ನು ಸೊನ್ನೆ ಎಂದು ತುಂಬಿಬಿಟ್ಟರೆ ಮುಗಿಯಿತು, ವಿಷ ಅಳಿಸಿಹೋದಂತೆ. ಉಪಕರಣದ ಮಿತಿಯನ್ನು ಬರೆಯದ ವರದಿಯನ್ನು ನಾನು ಅರ್ಧ ವರದಿ ಎನ್ನುತ್ತೇನೆ.

ಆರ್ಸೆನಿಕ್ ಎಂದ ಮೇಲೆ ಬಾಂಗ್ಲಾದೇಶ ನೆನಪಾಗದೆ ಇರದು. ಕೆರೆಕಟ್ಟೆಗಳ ನೀರಿನಿಂದ ಮಕ್ಕಳು ವಾಂತಿಭೇದಿಗೆ ಸಾಯುತ್ತಿದ್ದರು, ಅದನ್ನು ತಪ್ಪಿಸಲೆಂದೇ 1970ರ ದಶಕದಿಂದ ಲಕ್ಷಗಟ್ಟಲೆ ಕೊಳವೆಬಾವಿಗಳನ್ನು ಕೊರೆದರು. ನೆಲದೊಳಗೆ ಆರ್ಸೆನಿಕ್ ಇದೆಯೇ ಎಂದು ಯಾರೂ ನೋಡಲಿಲ್ಲ. ಅಲ್ಲಿ ಅದು ಗೊತ್ತಾದದ್ದು 1993ರಲ್ಲಿ. ಆಮೇಲೆ ಬಾವಿ ಬಾವಿಗೂ ಹೋಗಿ ಪರೀಕ್ಷೆ ಮಾಡಿ, ಕುಡಿಯಬಾರದ ಬಾವಿಯ ಮೂತಿಗೆ ಕೆಂಪು ಬಣ್ಣ, ಕುಡಿಯಬಹುದಾದದ್ದಕ್ಕೆ ಹಸಿರು ಬಣ್ಣ ಬಳಿದರು. ಒಂದೇ ಊರಿನಲ್ಲಿ ಕೆಂಪು ಬಾವಿಯಿಂದ ಕೂಗಳತೆಯಲ್ಲೇ ಹಸಿರು ಬಾವಿ ಇರಬಹುದಾಗಿತ್ತು. ಹಾಗಾಗಿ ಊರಿನ ಸರಾಸರಿ ಅಲ್ಲಿ ಯಾವ ಪ್ರಯೋಜನಕ್ಕೂ ಬಾರದು. ಬಾವಿಗೊಂದು ಗುರುತಿನ ಸಂಖ್ಯೆ, ಅಕ್ಷಾಂಶ ರೇಖಾಂಶ, ಆಳ, ನೀರು ತೆಗೆದ ದಿನಾಂಕ ಇಷ್ಟಿದ್ದರೆ ಆ ಬಾವಿ ಎಲ್ಲ ಪುಸ್ತಕಗಳಲ್ಲೂ ಅದೇ ಬಾವಿಯಾಗಿ ಉಳಿಯುತ್ತದೆ. ದತ್ತಾಂಶ ಬೆಸೆಯುವುದು ಎಂದು ಈಗ ಹೇಳುತ್ತಾರಲ್ಲ, ಅದರ ತಿರುಳು ಇದು. ಬಾವಿ, ರಾಸಾಯನಿಕ, ಅಳತೆಯ ಮಾನ ಹೀಗೆ ಪ್ರತಿಯೊಂದಕ್ಕೂ ಬದಲಾಗದ ಒಂದು ವಿಳಾಸ ಕೊಟ್ಟರೆ ಕಂಪ್ಯೂಟರು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾರಿ ಹಿಡಿದು ಹೋಗಬಲ್ಲದು.

ಆಹಾರದ ವಿಷಯದಲ್ಲಿ ಕಷ್ಟ ಇನ್ನೂ ಹೆಚ್ಚು, ಏಕೆಂದರೆ ಆಹಾರ ಬೆಳೆದ ಕಡೆಯೇ ಉಳಿಯುವುದಿಲ್ಲ. ಹತ್ತು ಹೊಲಗಳ ಧಾನ್ಯ ಒಂದೇ ಗಿರಣಿಯಲ್ಲಿ ಬೆರೆತ ಮೇಲೆ ಯಾವ ಹೊಲದ ಕಾಳು ಎಂದು ಹೇಳುವುದು ಹೇಗೆ? ಚೀಲದ ಮೇಲಿನ ಬ್ಯಾಚ್ ಸಂಖ್ಯೆಯನ್ನು ಹಿಡಿದು ಹಿಂದಕ್ಕೆ ಹೋಗಬೇಕು, ಅದೂ ಪ್ರತಿ ಕೈಯಲ್ಲಿ ಲೆಕ್ಕ ಬರೆದಿಟ್ಟಿದ್ದರೆ ಮಾತ್ರ. ಜಪಾನಿನ ತೊಯಾಮಾದಲ್ಲಿ ಹೆಂಗಸರ ಮೂಳೆಗಳು ಸುಮ್ಮನೆ ಮುರಿಯತೊಡಗಿದ್ದವು. ನೋವು, ನೋವು ಎಂದು ಅವರು ಚೀರುತ್ತಿದ್ದ ಮಾತೇ, "ಇತಾಯ್ ಇತಾಯ್" ಎಂಬುದೇ, ಕಾಯಿಲೆಯ ಹೆಸರಾಯಿತು. ಹಾಗಿನೋ ನೊಬೊರು ಎಂಬ ಸ್ಥಳೀಯ ವೈದ್ಯರು ರೋಗಿಗಳ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿದರು. ಗುರುತುಗಳು ಜಿನ್‌ಜು ನದಿಯ ನೀರು ಹಾಯುವ ಗದ್ದೆಗಳ ಸುತ್ತ ಸೇರಿಕೊಂಡವು. ಮೇಲ್ಗಡೆ ಕಮಿಯೋಕಾ ಗಣಿ ಇತ್ತು. ಗಣಿಯ ಕ್ಯಾಡ್ಮಿಯಂ ಎಂಬ ವಿಷಲೋಹ ಹೊಳೆಗೆ, ಹೊಳೆಯಿಂದ ಗದ್ದೆಗೆ, ಗದ್ದೆಯಿಂದ ಅನ್ನಕ್ಕೆ ಬಂದಿತ್ತು. ಸರ್ಕಾರ ಅದನ್ನು ಒಪ್ಪಿಕೊಂಡದ್ದು 1968ರಲ್ಲಿ. ಅಲ್ಲಿ ಬೆಳೆದದ್ದನ್ನು ಅಲ್ಲಿಯವರೇ ಉಣ್ಣುತ್ತಿದ್ದರು, ಆದ್ದರಿಂದ ಒಬ್ಬ ವೈದ್ಯರ ನಕ್ಷೆ ಸಾಕಾಯಿತು. ಇವತ್ತು ಅದೇ ಧಾನ್ಯ ಸಮುದ್ರ ದಾಟಿ ಹೋಗುತ್ತದೆ.

ಒಂದು ಎಚ್ಚರಿಕೆ ಬೇಕು. ರಕ್ತಪರೀಕ್ಷೆಯನ್ನು ಮನೆಯ ವಿಳಾಸಕ್ಕೆ ಬೆಸೆಯುವುದೆಂದರೆ ಒಂದು ಮನೆಯ ಗುಟ್ಟನ್ನು ಕೈಗೆತ್ತಿಕೊಂಡಂತೆ. ಹೆಸರು ಕಳಚಿ, ನೋಡುವ ಹಕ್ಕು ಯಾರಿಗಿದೆ ಎಂದು ಮೊದಲೇ ಬರೆದು, ಆಮೇಲೆ ಮುಂದುವರಿಯಬೇಕು. ನೀರಿನ, ಮಣ್ಣಿನ, ಕಾರ್ಖಾನೆಯ ಕೊಳಚೆಯ ಲೆಕ್ಕಕ್ಕೆ ಮಾತ್ರ ಇಂಥ ಯಾವ ಗುಟ್ಟೂ ಇರಬೇಕಾಗಿಲ್ಲ. ಅದು ಎಲ್ಲರ ಮುಂದೆ ತೆರೆದಿರಬೇಕು.

ಕೊನೆಗೆ ಮಿನಮಾತಾ. ಜಪಾನಿನ ಆ ಕೊಲ್ಲಿಯ ದಂಡೆಯಲ್ಲಿ ಚಿಸ್ಸೋ ಕಾರ್ಖಾನೆ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕವನ್ನು ತಯಾರಿಸಿ ಪಾದರಸ ಬೆರೆತ ನೀರನ್ನು ಸಮುದ್ರಕ್ಕೆ ಬಿಡುತ್ತಿತ್ತು. ಮೀನು ತಿಂದವರ ನರಗಳು ಕೆಟ್ಟವು. ಕಾಯಿಲೆ ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ, ಪಾದರಸದ ನೀರು ನಿಂತದ್ದು 1968ರಲ್ಲಿ. ತಾಯಿಗೆ ಅಷ್ಟೇನೂ ತೊಂದರೆ ಕಾಣದಿದ್ದರೂ ಮಗು ತೀವ್ರ ಕಾಯಿಲೆ ಹೊತ್ತೇ ಹುಟ್ಟುತ್ತಿತ್ತು, ಆದರೂ ವಿಷ ಗರ್ಭದೊಳಕ್ಕೆ ದಾಟುವುದಿಲ್ಲ ಎಂದು ವೈದ್ಯಲೋಕ ನಂಬಿತ್ತು. ಯಾವ ವರ್ಷ ಎಷ್ಟು ವಿಷ ಮಗುವಿಗೆ ಹೋಯಿತು ಎಂದು ಅಳೆದವರು ಆಗ ಯಾರೂ ಇರಲಿಲ್ಲ. ಆದರೆ ಅಲ್ಲಿಯ ತಾಯಂದಿರು ಮಗುವಿನ ಒಣಗಿದ ಹೊಕ್ಕುಳಬಳ್ಳಿಯನ್ನು ಪುಟ್ಟ ಮರದ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದರು. ಯಾವ ಮಗುವಿನದು, ಎಂದು ಹುಟ್ಟಿದ್ದು ಎಂಬುದು ಆ ಮನೆಗೆ ತಿಳಿದಿರುತ್ತಿತ್ತು. ವೈದ್ಯ ಹರಾದಾ ಮಸಾಜುಮಿ ಮನೆಮನೆಯಿಂದ ಆ ಬಳ್ಳಿಗಳನ್ನು ಕೇಳಿ ಪಡೆದರು. ಅವುಗಳಲ್ಲಿನ ಪಾದರಸವನ್ನು ಅಳೆದು, ಹುಟ್ಟಿದ ವರ್ಷದ ಪ್ರಕಾರ ಜೋಡಿಸಿ, ಕಾರ್ಖಾನೆಯ ಉತ್ಪಾದನೆಯ ಲೆಕ್ಕದ ಪಕ್ಕದಲ್ಲಿಟ್ಟು 1975ರಲ್ಲಿ ಪ್ರಕಟಿಸಿದರು. ಕಾರ್ಖಾನೆ ಅಸಿಟಾಲ್ಡಿಹೈಡ್ ಹೆಚ್ಚು ತಯಾರಿಸಿದ ವರ್ಷಗಳಲ್ಲಿ ಹುಟ್ಟಿದ ಮಕ್ಕಳ ಹೊಕ್ಕುಳಬಳ್ಳಿಯಲ್ಲಿ ಪಾದರಸವೂ ಹೆಚ್ಚಿತ್ತು.

ನಮಸ್ಕಾರ.