ಒಂದು ಸಲಕ್ಕೆ ಒಂದೇ ವಾದ್ಯ: ಸ್ಟೀಲಿ ಡ್ಯಾನ್ ಕೇಳುವ ಬಗೆ

ಕೇಳುಗರಿಗೆ ನಮಸ್ಕಾರ.

ನಮ್ಮ ಸಂಗೀತ ಕಛೇರಿಯಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ಗಾಯಕರು ಒಂದು ಸಾಲು ಹಿಡಿದು ನೆರವಲ್ ಮಾಡುತ್ತಿದ್ದಾರೆ. ನಿಮ್ಮ ಕಿವಿ ಮೆಲ್ಲನೆ ಪಿಟೀಲಿನ ಕಡೆ ಜಾರುತ್ತದೆ. ಸ್ವಲ್ಪ ಹೊತ್ತಿಗೆ ಮೃದಂಗದವರ ಎಡಗೈ ಕೇಳುತ್ತದೆ. ಆಮೇಲೆ, ಅಯ್ಯೋ, ಘಟದವರು ಇಷ್ಟು ಹೊತ್ತು ಏನು ನುಡಿಸುತ್ತಿದ್ದರು ಅಂತ ಆ ಕಡೆ ತಿರುಗುತ್ತೀರಿ. ಇದನ್ನು ನಿಮಗೆ ಯಾರೂ ಪಾಠ ಹೇಳಿಕೊಟ್ಟಿಲ್ಲ. ಕೇಳಿ ಕೇಳಿ ಬಂದದ್ದು.

ಅದೇ ಕಿವಿಯನ್ನು ಇವತ್ತು ಅಮೆರಿಕದ ಒಂದು ರಾಕ್ ತಂಡಕ್ಕೆ ಕೊಡಿ ಅಂತ ಕೇಳಲು ಬಂದಿದ್ದೇನೆ. ತಂಡದ ಹೆಸರು ಸ್ಟೀಲಿ ಡ್ಯಾನ್. ವಿಲಿಯಂ ಬರೋಸ್ ಎಂಬ ಲೇಖಕರ ಕಾದಂಬರಿಯಿಂದ ಎತ್ತಿಕೊಂಡ ಹೆಸರು. ಅದರ ಅರ್ಥ ಬಾನುಲಿಯಲ್ಲಿ ಹೇಳುವಂಥದ್ದಲ್ಲ, ಬಿಡಿ.

ನಾನು ಹೇಳುವುದು ಒಂದೇ ಮಾತು. ಒಂದು ಸಲಕ್ಕೆ ಒಂದೇ ವಾದ್ಯ ಕೇಳಿ. ಹಾಡು ನಾಲ್ಕು ನಿಮಿಷದ್ದಾದರೆ ಆ ನಾಲ್ಕು ನಿಮಿಷವೂ ಬೇಸ್ ಗಿಟಾರ್ ಮಾತ್ರ. ಮತ್ತೆ ಮೊದಲಿನಿಂದ ಹಾಕಿ, ಡ್ರಮ್ಸ್ ಮಾತ್ರ. ಈ ತಂಡದ ಅಭಿಮಾನಿಗಳು ಐವತ್ತು ವರ್ಷದಿಂದ ಅದೇ ಏಳೆಂಟು ಧ್ವನಿಮುದ್ರಿಕೆಗಳನ್ನು ತಿರುಗಿಸಿ ತಿರುಗಿಸಿ ಹಾಕುವುದು ಇದಕ್ಕೇ. ಪ್ರತಿ ಸಲ ಬೇರೆಯವರೊಬ್ಬರು ಸಿಗುತ್ತಾರೆ.

ತಂಡ ಅಂದರೆ ಯಾರು? ಇಬ್ಬರು. ಡೊನಾಲ್ಡ್ ಫೇಗನ್, ಕೀಬೋರ್ಡ್ ಮತ್ತು ಹಾಡುಗಾರಿಕೆ. ವಾಲ್ಟರ್ ಬೆಕರ್, ಬೇಸ್ ಮತ್ತು ಗಿಟಾರ್. ನ್ಯೂಯಾರ್ಕ್ ರಾಜ್ಯದ ಬಾರ್ಡ್ ಕಾಲೇಜಿನಲ್ಲಿ 1967ರಲ್ಲಿ ಒಬ್ಬರಿಗೊಬ್ಬರು ಸಿಕ್ಕಿದವರು. ಇಬ್ಬರಿಗೂ ಜಾಝ್ ಹುಚ್ಚು. 1972ರಲ್ಲಿ ಮೊದಲ ಆಲ್ಬಮ್ ಬಂದಾಗ ಎಲ್ಲ ತಂಡಗಳ ಹಾಗೆ ಇವರದ್ದೂ ಐದಾರು ಜನರ ತಂಡ. 1974ರಲ್ಲಿ ಊರೂರು ತಿರುಗಿ ಕಾರ್ಯಕ್ರಮ ಕೊಡುವುದನ್ನೇ ನಿಲ್ಲಿಸಿಬಿಟ್ಟರು. ಮುಂದಿನ ಹಲವು ವರ್ಷ ಸ್ಟುಡಿಯೋ ಒಂದೇ. ಯಕ್ಷಗಾನ ಮೇಳದವರು ಇಂಥ ಪ್ರಸಂಗಕ್ಕೆ ಇಂಥವರೇ ಆಗಬೇಕು ಅಂತ ಅತಿಥಿ ಕಲಾವಿದರನ್ನು ಕರೆಸುತ್ತಾರಲ್ಲ, ಇವರು ಹಾಡು ಹಾಡಿಗೂ ಹಾಗೆ ಕರೆಸಿದರು. ಈ ಹಾಡಿಗೆ ಈ ಡ್ರಮ್ಮರ್, ಆ ಹಾಡಿಗೆ ಆ ಡ್ರಮ್ಮರ್. 1977ರ ಒಂದೇ ಆಲ್ಬಮ್ಮಿನ ಏಳು ಹಾಡಿಗೆ ಡ್ರಮ್ಸ್ ನುಡಿಸಿದವರು ಆರು ಜನ. ಆ ಆಲ್ಬಮ್ಮಿನ ಹೆಸರು ಬರೆಯುವುದು ಎ, ಜೆ, ಎ ಅಂತ. ಹೇಳುವುದು ‘ಏಷ್ಯಾ’. ಹುಡುಕುವಾಗ ಅಕ್ಷರ ತಪ್ಪಿದರೆ ಖಂಡದ ಭೂಪಟ ಸಿಕ್ಕೀತು, ಹುಷಾರು.

ಇದನ್ನು ಕೇಳಿದ ಕೆಲವರು, ಏನಪ್ಪ ಇದು, ಹೋಟೆಲಿನ ಲಿಫ್ಟಿನಲ್ಲಿ ಹಾಕುವ ಸಂಗೀತದ ಹಾಗಿದೆ ಅನ್ನುತ್ತಾರೆ. ನುಣುಪಾಗಿದೆ, ಒಪ್ಪಿದೆ. ಆದರೆ ಹಾಗೆ ಹೇಳುವವರು ಪಾತ್ರೆ ತೊಳೆಯುತ್ತಾ ಫೋನಿನ ಸ್ಪೀಕರಿನಲ್ಲಿ ಕೇಳಿರುತ್ತಾರೆ. ಹಾಗಾಗಿ ಮೊದಲು ಸಲಕರಣೆಯ ಮಾತು ಮುಗಿಸೋಣ.

ಬೇಸ್ ಗಿಟಾರಿನ ಅತಿ ದಪ್ಪ ತಂತಿ ಬಿಟ್ಟು ಮೀಟಿದರೆ 41 ಹರ್ಟ್ಸ್, ಅಂದರೆ ಸೆಕೆಂಡಿಗೆ 41 ಕಂಪನ. ಫೋನಿನ ಸ್ಪೀಕರಿಗೆ ಅದನ್ನು ಕೊಡುವುದು ಸೊಳ್ಳೆಯ ಬೆನ್ನಿಗೆ ಆನೆ ಹೊರಿಸಿದ ಹಾಗೆ. ಬರುವುದೇ ಇಲ್ಲ. ಬ್ಲೂಟೂತ್ ಡಬ್ಬಿ ಒಂದೇ ಇದ್ದರೆ ಎಡ ಬಲ ಎರಡೂ ಕಲಸಿ ಒಂದಾಗುತ್ತದೆ. ಎಡಕ್ಕೊಂದು ಬಲಕ್ಕೊಂದು ಕೂರಿಸಿದ ಗಿಟಾರುಗಳು ಒಂದರ ಮೇಲೊಂದು ಬೀಳುತ್ತವೆ. ಸಾಧಾರಣ ಬೆಲೆಯ ತಂತಿಯ ಇಯರ್‌ಫೋನ್ ಸಾಕು. ಆದರೆ ಅದರ ರಬ್ಬರ್ ತುದಿ ಕಿವಿಯಲ್ಲಿ ಸರಿಯಾಗಿ ಕೂರಬೇಕು. ಸಂದು ಬಿಟ್ಟರೆ ಮೊದಲು ಸೋರಿಹೋಗುವುದು ಕೆಳಗಿನ ಸ್ವರಗಳೇ. ಪೆಟ್ಟಿಗೆಯಲ್ಲಿ ಮೂರು ಅಳತೆಯ ತುದಿ ಕೊಟ್ಟಿರುತ್ತಾರೆ, ಬದಲಾಯಿಸಿ ನೋಡಿ. ಕೆಳಗಿನ ಸ್ವರಗಳನ್ನು ಜೋರು ಮಾಡುವ ‘ಬೇಸ್ ಬೂಸ್ಟ್’ ಇದ್ದರೆ ತೆಗೆದುಬಿಡಿ. ಹಾಕಿದರೆ ಬೇಸ್ ಗಿಟಾರೂ ಕಾಲಿನಿಂದ ಬಡಿಯುವ ದೊಡ್ಡ ಡ್ರಮ್ಮೂ ಒಂದೇ ಗುಡುಗಾಗಿ ಕಲಸಿಹೋಗುತ್ತವೆ. ಎರಡನ್ನೂ ಬೇರೆ ಬೇರೆ ಕೇಳಬೇಕೆಂದು ಫೇಗನ್, ಬೆಕರ್ ತಿಂಗಳುಗಟ್ಟಲೆ ಕೂತಿದ್ದರು.

ಇನ್ನು ಸ್ವರದ ವಿಷಯ. ಮನೆಯಲ್ಲಿ ಹಾರ್ಮೋನಿಯಂ ಇರಲಿ, ಮಕ್ಕಳ ಕೀಬೋರ್ಡಾದರೂ ಇರಲಿ, ಇದನ್ನು ಮಾಡಿ ನೋಡಿ. ಪಾಶ್ಚಾತ್ಯರ ಮಾಮೂಲಿ ಮೇಜರ್ ಸ್ವರಗುಚ್ಛ ಸ, ಅಂತರ ಗಾಂಧಾರ, ಪ. ಮೂರನ್ನೂ ಒಟ್ಟಿಗೆ ಒತ್ತಿ. ಈಗ ಅದಕ್ಕೆ ಚತುಶ್ರುತಿ ರಿಷಭ ಸೇರಿಸಿ. ಸ ಎಡಗೈಯಲ್ಲಿ, ರಿ ಗ ಪ ಬಲಗೈಯಲ್ಲಿ. ಮೋಹನದ ಸ್ವರಗಳು, ಧೈವತ ಬಿಟ್ಟು. ರಿ ಮತ್ತು ಗ ಪಕ್ಕಪಕ್ಕದಲ್ಲಿ ಒಂದಕ್ಕೊಂದು ತಿಕ್ಕುತ್ತವೆ. ಆ ತಿಕ್ಕಾಟವೇ ಸ್ಟೀಲಿ ಡ್ಯಾನ್ ರುಚಿ. ಅವರೇ ಅದಕ್ಕೆ ‘ಮ್ಯೂ ಮೇಜರ್’ ಅಂತ ಹೆಸರಿಟ್ಟರು. ಕಲಿಯುವ ಹುಡುಗರು ಎರಡು ತಪ್ಪು ಮಾಡುತ್ತಾರೆ. ಒಂದು, ರಿ ಹಾಕಿ ಗ ತೆಗೆಯುವುದು. ಆಗ ತಿಕ್ಕಾಟ ಹೋಗಿ ಬರೀ ಬಯಲು ಉಳಿಯುತ್ತದೆ. ಇನ್ನೊಂದು, ಜಾಝ್ ಅಲ್ಲವೇ ಅಂತ ನಿಷಾದವನ್ನೂ ತುರುಕುವುದು. ಆಗ ಅದು ಯಾರದ್ದೋ ನೈಟ್‌ಕ್ಲಬ್ಬಿನ ಹಾಡಾಗುತ್ತದೆ. ನಾಲ್ಕೇ ಸ್ವರ.

ಈಗ ನನಗೆ ಬಹಳ ಇಷ್ಟವಾದ ಪ್ರಸಂಗಕ್ಕೆ ಬರುತ್ತೇನೆ. ‘ಪೆಗ್’. ‘ಏಷ್ಯಾ’ ಆಲ್ಬಮ್ಮಿನ ನಾಲ್ಕನೇ ಹಾಡು, ನಾಲ್ಕು ನಿಮಿಷಕ್ಕೂ ಸ್ವಲ್ಪ ಕಡಿಮೆ. ನಡುವೆ ಅರ್ಧ ನಿಮಿಷದಷ್ಟು ಗಿಟಾರ್ ಮುಂದೆ ಬಂದು ನುಡಿಯುವ ಜಾಗ ಇದೆ. ಆ ಅರ್ಧ ನಿಮಿಷಕ್ಕೆ ಏಳೆಂಟು ಗಿಟಾರಿಸ್ಟುಗಳು ಬಂದು ನುಡಿಸಿ ಹೋದರು. ಎಲ್ಲರೂ ಪಳಗಿದ ಕೈ, ದಿನಕ್ಕೆ ಎರಡು ಮೂರು ಸ್ಟುಡಿಯೋ ಓಡಾಡುವವರು. ಫೇಗನ್, ಬೆಕರ್ ಇಬ್ಬರೂ ಕೇಳುವುದು, ವಂದನೆ ಹೇಳಿ ಕಳಿಸುವುದು, ಟೇಪಿನ ಆ ಭಾಗ ಬಿಟ್ಟುಬಿಡುವುದು. ಕೊನೆಗೆ ಜೇ ಗ್ರೇಡನ್ ಬಂದರು. ಗಂಟೆಗಟ್ಟಲೆ ನುಡಿಸಿದರು. ಅದು ಉಳಿಯಿತು.

ಜನ ಇದನ್ನು ಹೇಳಿ ನಗುತ್ತಾರೆ, ಎಂಥ ಹಟಮಾರಿಗಳು ಅಂತ. ಹಟ ಅಲ್ಲ ಸ್ವಾಮಿ, ಕಾರಣ ಇದೆ. ಆ ಜಾಗದ ಅಸ್ಥಿಪಂಜರ ಬ್ಲೂಸ್, ಅಮೆರಿಕದ ಕಪ್ಪು ಜನರಿಂದ ಬಂದ ಹಾಡಿನ ಪ್ರಕಾರ. ಹನ್ನೆರಡು ಆವರ್ತದ ಹಳೆಯ ಬ್ಲೂಸ್, ಯಾವ ಗಿಟಾರಿಸ್ಟನ್ನು ಎಬ್ಬಿಸಿ ಕೇಳಿದರೂ ನಿದ್ದೆಗಣ್ಣಲ್ಲಿ ನುಡಿಸುವಂಥದ್ದು. ಆದರೆ ಮೇಲೆ ಹೊದಿಸಿದ ಸ್ವರಗುಚ್ಛಗಳು ಬ್ಲೂಸಿನವಲ್ಲ. ಈಗ ಹೇಳಿದೆನಲ್ಲ, ಆ ರಿಷಭ ಸೇರಿದ ಮೇಜರ್ ಗುಚ್ಛಗಳು. ಬ್ಲೂಸ್ ಕಲಿತ ಬೆರಳಿಗೆ ಸಾಧಾರಣ ಗಾಂಧಾರ ಅಂಟಿಕೊಂಡಿರುತ್ತದೆ. ಅದನ್ನೇ ಊರಿದರೆ ಕೆಳಗಿನ ಅಂತರ ಗಾಂಧಾರಕ್ಕೆ ತಾಗಿ ಕಿವಿಗೆ ಕಲ್ಲು ಸಿಕ್ಕ ಹಾಗೆ. ಸರಿ, ಅದು ಬೇಡ, ಅಂತರ ಗಾಂಧಾರವನ್ನೇ ಹಿಡಿಯೋಣ ಅಂದರೆ ಸಕ್ಕರೆ ಪಾಕ, ಖಾರವೇ ಇಲ್ಲ. ಬಂದವರಲ್ಲಿ ಬಹಳ ಜನ ಈ ಎರಡರ ನಡುವೆ ಸಿಕ್ಕಿಕೊಂಡಿರಬೇಕು. ಗ್ರೇಡನ್ ಏನು ಮಾಡಿದರು ಕೇಳಿ. ಒಂದು ಸ್ವರ ಒತ್ತಿ ಅಲ್ಲೇ ನಿಲ್ಲುವುದಿಲ್ಲ. ತಂತಿಯನ್ನು ಎಳೆದು ಒಂದರಿಂದ ಇನ್ನೊಂದಕ್ಕೆ ಜಾರುತ್ತಾರೆ. ನಮ್ಮ ಕಿವಿಗೆ ಹೊಸತೇನಲ್ಲ, ಅದು ಜಾರು. ಕೆಲವು ಕಡೆ ಎರಡು ತಂತಿಯನ್ನು ಒಟ್ಟಿಗೆ ಎಳೆಯುತ್ತಾರೆ, ಹವಾಯಿ ಗಿಟಾರಿನ ಹಾಗೆ ಕೇಳುತ್ತದೆ. ಬ್ಲೂಸಿನ ಖಾರವೂ ಬಂತು, ಗುಚ್ಛದ ಜತೆ ಜಗಳವೂ ಇಲ್ಲ. ಬೇಡ ಅಂತ ಬಿಟ್ಟ ತುಣುಕುಗಳಲ್ಲಿ ಒಂದೆರಡನ್ನು ಫೇಗನ್, ಬೆಕರ್ ಇಬ್ಬರೂ ವರ್ಷಗಳ ಮೇಲೆ ಒಂದು ಸಾಕ್ಷ್ಯಚಿತ್ರದಲ್ಲಿ ಹಾಕಿ ಕೇಳಿಸಿದ್ದಾರೆ. ಕೇಳಿದರೆ ಗೊತ್ತಾಗುತ್ತದೆ: ಕೆಟ್ಟದ್ದಲ್ಲ, ಈ ಹಾಡಿನದ್ದಲ್ಲ.

ಅದೇ ಹಾಡನ್ನು ಮತ್ತೆ ಹಾಕಿ, ಈ ಸಲ ಗಿಟಾರ್ ಮರೆತುಬಿಡಿ. ಬೇಸ್ ಚಕ್ ರೇನಿ ಅವರದ್ದು. ಹೆಬ್ಬೆರಳಿನಿಂದ ತಂತಿಗೆ ಬಡಿಯುವ ಒಂದು ಶೈಲಿ ಇದೆ, ಸ್ಲ್ಯಾಪ್ ಅಂತ. ಆ ಕಾಲದಲ್ಲಿ ಎಲ್ಲರೂ ಅದನ್ನೇ ಬಡಿಯುತ್ತಿದ್ದರು. ನಮ್ಮ ಹಾಡಿನಲ್ಲಿ ಅದು ಬೇಡವೇ ಬೇಡ ಅಂತ ಯಜಮಾನರ ಅಪ್ಪಣೆ. ರೇನಿಯವರಿಗೆ ಪಲ್ಲವಿಗೆ ಅದೇ ಬೇಕು ಅನ್ನಿಸಿತ್ತು. ಅವರೇ ಹೇಳಿಕೊಂಡಿದ್ದಾರೆ, ಇವರಿಗೆ ಕೈ ಕಾಣದ ಹಾಗೆ ಅಡ್ಡ ಮರೆ ಮಾಡಿಕೊಂಡು ಬಡಿದರು! ಹೇಗೆ ನುಡಿಸಿದರು ಅಂತ ಗೊತ್ತಿಲ್ಲದೆ ಯಜಮಾನರು ಮೆಚ್ಚಿಕೊಂಡರು. ಪಲ್ಲವಿ ಬಂದಾಗ ಬೇಸ್ ಇದ್ದಕ್ಕಿದ್ದಂತೆ ಗೆಜ್ಜೆ ಕಟ್ಟಿದ ಹಾಗೆ ಟಣ್ ಅನ್ನುತ್ತದಲ್ಲ, ಅದೇ ಆ ಕಳ್ಳ ಹೆಬ್ಬೆರಳು.

ಮೂರನೇ ಸಲ ಹಾಕಿ. ಈಗ ಹಿನ್ನೆಲೆ ದನಿಗಳು ಮಾತ್ರ. ಅದು ಹತ್ತು ಜನರ ಗುಂಪಿನ ಹಾಗೆ ಕೇಳಿದರೂ ಮುಖ್ಯ ದನಿ ಒಬ್ಬರದ್ದೇ, ಮೈಕಲ್ ಮೆಕ್‌ಡೊನಾಲ್ಡ್. ಒಂದೊಂದು ಸ್ವರವನ್ನೂ ಬೇರೆ ಬೇರೆಯಾಗಿ ಹಾಡಿ ಒಂದರ ಮೇಲೊಂದು ಪೇರಿಸಿದ್ದು. ಸ್ವರಗಳು ಅಷ್ಟು ಹತ್ತಿರ ಹತ್ತಿರ ಇದ್ದಾಗ ನಿಮ್ಮದೇ ದನಿ ನಿಮ್ಮನ್ನು ಪಕ್ಕದ ಸ್ವರಕ್ಕೆ ಎಳೆಯುತ್ತದೆ. ಭಜನೆಯಲ್ಲಿ ಪಕ್ಕದವರ ಶ್ರುತಿಗೆ ಜಾರಿದವರಿಗೆಲ್ಲ ಈ ಕಷ್ಟ ಗೊತ್ತು. ಇದನ್ನೆಲ್ಲ ಹಾಡುಗಾರನನ್ನು ಮಾತ್ರ ಹಿಂಬಾಲಿಸಿದವರು ಕೇಳಿಯೇ ಇರುವುದಿಲ್ಲ. ಅದಕ್ಕೇ ಹೇಳುವುದು, ಒಂದು ಸಲಕ್ಕೆ ಒಂದೇ ವಾದ್ಯ. ದನಿಯೂ ವಾದ್ಯವೇ.

ಒಂದೇ ಹಾಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಹೋಯಿತು. ಪದಗಳ ಅರ್ಥ, ಆ ಕುಹಕ, ಸೋತವರ ಕತೆಗಳು, ಅದನ್ನೆಲ್ಲ ಇವತ್ತು ಬಿಡಬೇಕಾಯಿತು. ಬಿಟ್ಟರೂ ನಷ್ಟವಿಲ್ಲ, ಪದಗಳ ಬಗ್ಗೆ ಬರೆಯುವವರು ಬೇಕಾದಷ್ಟು ಇದ್ದಾರೆ. ತಾಳವನ್ನು ಮಾತ್ರ ಬಿಡುವ ಹಾಗಿಲ್ಲ.

ಬರ್ನಾರ್ಡ್ ಪರ್ಡಿ ಎಂಬ ಡ್ರಮ್ಮರ್. ‘ಹೋಮ್ ಅಟ್ ಲಾಸ್ಟ್’ ಹಾಡು ಹಾಕಿ, ತೊಡೆಯ ಮೇಲೆ ತಾಳ ಹಾಕಿ. ತಿಸ್ರ ನಡೆ. ತಕಿಟ ತಕಿಟ ತಕಿಟ ತಕಿಟ, ನಾಲ್ಕು ಸಲ ಒಂದು ಆವರ್ತ. ‘ತ’ಕ್ಕೂ ‘ಟ’ಕ್ಕೂ ಬಲಗೈ ಜೋಡಿ ಲೋಹದ ತಟ್ಟೆಗಳ ಮೇಲೆ, ಅದನ್ನು ಹೈ-ಹ್ಯಾಟ್ ಅನ್ನುತ್ತಾರೆ. ನಡುವಿನ ‘ಕಿ’ ಎಡಗೈಯಲ್ಲಿ ಸ್ನೇರ್ ಡ್ರಮ್ಮಿನ ಮೇಲೆ, ಉಸಿರಿನಷ್ಟು ಮೆಲ್ಲಗೆ. ಮೂರನೇ ತಕಿಟದ ‘ತ’ ಬಂದಾಗ ಮಾತ್ರ ಸ್ನೇರ್ ಮೇಲೆ ಗಟ್ಟಿ ಏಟು. ಅಷ್ಟೇ. ಹೇಳಲು ಅಷ್ಟೇ. ಕಲಿಯುವವರ ಕೈಯಲ್ಲಿ ಕೆಡುವುದು ಆ ‘ಕಿ’. ಅದು ಜೋರಾದರೆ ಕುದುರೆ ಓಟವಾಗುತ್ತದೆ, ಬಿಟ್ಟೇಬಿಟ್ಟರೆ ಕುಂಟುತ್ತದೆ. ಮನೆಯಲ್ಲಿ ಅಭ್ಯಾಸ ಮಾಡುವವರು ಎಡಗೈ ಕೋಲನ್ನು ಚರ್ಮದಿಂದ ಎರಡು ಮೂರು ಸೆಂಟಿಮೀಟರಿಗಿಂತ ಮೇಲೆ ಎತ್ತದೆ ‘ಕಿ’ ಹಾಕಿ ನೋಡಿ.

ಇನ್ನೊಂದು ಮಾತು ಬೇಗ ಹೇಳಿಬಿಡುತ್ತೇನೆ. 1980ರ ‘ಗಾಚೋ’ ಆಲ್ಬಮ್ಮಿಗೆ ಡ್ರಮ್ಸ್ ಇನ್ನೂ ಕರಾರುವಾಕ್ಕಾಗಿ ಬೇಕು ಅಂತ ಕೇಳಿದಾಗ ಅವರ ಧ್ವನಿಮುದ್ರಣ ಎಂಜಿನಿಯರ್ ರೋಜರ್ ನಿಕೋಲ್ಸ್ ಒಂದು ಯಂತ್ರವನ್ನೇ ಕಟ್ಟಿಕೊಟ್ಟರು, ಹೆಸರು ವೆಂಡೆಲ್. ಡ್ರಮ್ಮಿನ ಏಟುಗಳನ್ನು ಅಂಕಿಗಳಾಗಿ ಹಿಡಿದಿಟ್ಟು ಬೇಕಾದ ಜಾಗಕ್ಕೆ ಕೂರಿಸುವುದು ಅದರ ಕೆಲಸ. ಅದೇ ಆಲ್ಬಮ್ಮಿಗೆ ಮಾಡಿದ್ದ ಒಂದು ಹಾಡಿನ ಟೇಪನ್ನು ಸ್ಟುಡಿಯೋ ಸಹಾಯಕರೊಬ್ಬರು ತಪ್ಪಿ ಅಳಿಸಿಬಿಟ್ಟರು. ಮತ್ತೆ ನುಡಿಸಲು ನೋಡಿದರು, ಆಗಲಿಲ್ಲ, ಆ ಹಾಡನ್ನೇ ಕೈಬಿಟ್ಟರು. ಹೀಗಿದ್ದರು ಇವರು. ಬೆಕರ್ 2017ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು.

ಇವತ್ತು ರಾತ್ರಿ ಒಂದೇ ಹಾಡಿಗೆ ಹೊತ್ತಿದ್ದರೆ ‘ಏಷ್ಯಾ’ ಹೆಸರಿನದೇ ಹಾಡು ಹಾಕಿ. ಎಂಟು ನಿಮಿಷ, ಡ್ರಮ್ಸ್ ಮಾತ್ರ ಕೇಳಿ. ಸ್ಟೀವ್ ಗ್ಯಾಡ್. ಮೊದಮೊದಲು ಏನೂ ಮಾಡದವರ ಹಾಗೆ ತಾಳ ಹಿಡಿದಿರುತ್ತಾರೆ. ನಾಲ್ಕೂವರೆ ನಿಮಿಷ ದಾಟಿದ ಮೇಲೆ ವೇಯ್ನ್ ಶಾರ್ಟರ್ ಸ್ಯಾಕ್ಸೋಫೋನ್ ಎತ್ತುತ್ತಾರೆ. ಜಾಝ್ ದಿಗ್ಗಜ ಮೈಲ್ಸ್ ಡೇವಿಸ್ ಜತೆ ನುಡಿಸಿದ ಅದೇ ಶಾರ್ಟರ್. ಕಿವಿ ಆ ಕಡೆ ಓಡುತ್ತದೆ, ಓಡಲು ಬಿಡಬೇಡಿ. ಕೆಳಗೆ ಗ್ಯಾಡ್ ತನಿ ಆವರ್ತನಕ್ಕೆ ಇಳಿದಿರುತ್ತಾರೆ. ತನಿ ಅಂದೆ, ಆದರೆ ಉಳಿದವರು ನಿಲ್ಲಿಸಿರುವುದಿಲ್ಲ, ಎಲ್ಲ ನಡೆಯುತ್ತಿರುವಾಗಲೇ. ಹಾಡುಗಾರಿಕೆ ಮುಗಿದ ಮೇಲೆ ಅವರು ಇನ್ನೊಮ್ಮೆ ಶುರು ಮಾಡುತ್ತಾರೆ, ಹಾಡಿನ ದನಿ ಸಣ್ಣಗಾಗುತ್ತಾ ಹೋಗುತ್ತದೆ. ಮುಗಿಯಿತು ಅಂತ ಆಗಲೇ ಮುಂದಿನದಕ್ಕೆ ಒತ್ತಬೇಡಿ. ದನಿ ಪೂರ್ತಿ ಅಡಗುವ ತನಕ ಅವರ ಕೈ ನಿಂತಿರುವುದಿಲ್ಲ.

ನಮಸ್ಕಾರ.