ಒಗಟಿನ ಆಟದ ಕಂಪನಿಗೂ ಯೂನಿಯನ್ ಬೇಕಾ?

ಕೇಳುಗರಿಗೆ ನಮಸ್ಕಾರ.

2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರು ಮುಷ್ಕರ ಹೂಡಿದರು. ಎರಡು ವಾರ ಬಹುಪಾಲು ಬಸ್ಸುಗಳು ಡಿಪೋ ಬಿಟ್ಟು ಹೊರಗೆ ಬರಲಿಲ್ಲ. ಜನ ಪರದಾಡಿದರು. ಆಗ ನಾನು ಬೆಂಗಳೂರಿನಲ್ಲಿ ಮೊಬೈಲ್‌ಗೆ ಒಗಟಿನ ಆಟ ಮಾಡುವ ಕಂಪನಿಯಲ್ಲಿ ಕೋಡ್ ಬರೆಯುತ್ತಿದ್ದೆ. ನಾವೂ ಹಾಗೆ ಕೈಕಟ್ಟಿ ಕೂತಿದ್ದರೆ? ಯಾರಿಗೋ ಊಟ ಆದಮೇಲೆ ಹೊತ್ತು ಹೋಗುತ್ತಿರಲಿಲ್ಲ, ಅಷ್ಟೇ. ಅದೂ ಸುಳ್ಳು. ಸರ್ವರ್ ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ, ನಾವು ಬರಲಿಲ್ಲ ಅಂತ ಆಟಕ್ಕೆ ಗೊತ್ತೂ ಆಗುತ್ತಿರಲಿಲ್ಲ.

ಅದಕ್ಕೇ, ನಮ್ಮಂಥವರಿಗೆ ಯೂನಿಯನ್ ಯಾಕೆ ಅಂತ ನಾನೂ ನಗುತ್ತಿದ್ದೆ.

ಆಮೇಲೆ ಒಂದು ಗುರುವಾರ ಕ್ಯಾಲೆಂಡರ್‌ನಲ್ಲಿ ಹದಿನೈದು ನಿಮಿಷದ ಮೀಟಿಂಗ್ ಬಂತು. ಯಾವ ವಿಷಯ ಅಂತ ಬರೆದಿರಲಿಲ್ಲ. ಒಳಗೆ ಮ್ಯಾನೇಜರ್, ಎಚ್‌ಆರ್‌ನವರು, ಮೇಜಿನ ಮೇಲೆ ಒಂದು ಟಿಶ್ಯೂ ಡಬ್ಬಿ. ಡಬ್ಬಿ ನೋಡಿದಾಗಲೇ ಅರ್ಥವಾಯಿತು. "ನೀವೇ ರಾಜೀನಾಮೆ ಕೊಟ್ಟರೆ ರಿಲೀವಿಂಗ್ ಲೆಟರ್‌ಗೆ ತೊಂದರೆ ಆಗಲ್ಲ" ಅಂದರು. ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ಮನೆಯಲ್ಲಿ ಕೇಳಿ ನಾಳೆ ಹೇಳ್ತೀನಿ ಅಂದೆ. ಆಗಲ್ಲ, ಈಗಲೇ ಅಂದರು. ಟೈಪ್ ಮಾಡಿದೆ. 'ಸ್ವಂತ ಇಚ್ಛೆಯಿಂದ' ಅನ್ನುವ ಮಾತನ್ನು ಅವರೇ ಹೇಳಿಕೊಟ್ಟರು.

ಅವರ ಕಡೆ ಇಬ್ಬರು, ನನ್ನ ಕಡೆ ನಾನೊಬ್ಬಳೇ. ಆ ರೂಮಿನಲ್ಲಿ ನನ್ನ ಕೆಲಸ ಊರಿಗೆ ಅಗತ್ಯವೋ ಅಲ್ಲವೋ ಅನ್ನುವುದು ಲೆಕ್ಕಕ್ಕೇ ಬರಲಿಲ್ಲ. ಯೂನಿಯನ್ ಇದ್ದಿದ್ದರೆ ಕೆಲಸ ಉಳಿಯುತ್ತಿತ್ತು ಅಂತ ನಾನು ಹೇಳಲ್ಲ, ಕಂಪನಿ ಹತ್ತಿರ ದುಡ್ಡೇ ಇರಲಿಲ್ಲ. ಆದರೆ ಪಕ್ಕದಲ್ಲಿ ತಿಳಿದವರು ಒಬ್ಬರು ಕೂತಿದ್ದರೆ "ತಡಿ, ಇವತ್ತು ಏನೂ ಬರೆದುಕೊಡಬೇಡ" ಅನ್ನುತ್ತಿದ್ದರು, ಅಲ್ವಾ? ನೋಟಿಸ್ ಅವಧಿಯ ಸಂಬಳವನ್ನಾದರೂ ಕೇಳಿ ಪಡೆಯಬಹುದಿತ್ತು.

ಇನ್ನೊಂದು ನೆನಪು. 2016ರ ಏಪ್ರಿಲ್. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದಿದ್ದರು. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ಆಗುವವರೆಗೂ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ನಾವು ಆಫೀಸ್ ಕ್ಯಾಬ್‌ನಲ್ಲಿ ಸಿಕ್ಕಿಕೊಂಡು ಗೊಣಗುತ್ತಿದ್ದೆವು. ಎರಡನೇ ದಿನಕ್ಕೇ ಸರ್ಕಾರ ಆ ನಿಯಮ ವಾಪಸ್ ಪಡೆಯಿತು. ನನ್ನ ಕೆಲಸ ಹೋದಾಗ ಮನೆ ಬಾಡಿಗೆ ಕಟ್ಟಿದ್ದು ಅದೇ ಪಿಎಫ್ ದುಡ್ಡಲ್ಲಿ. ಅಂಗಿ ಹೊಲಿಯುವ ಕೆಲಸ ಒಂದು ದಿನ ನಿಂತರೂ ಊರು ನಿಲ್ಲಲ್ಲ. ಅವರು ಅದನ್ನು ಯೋಚಿಸುತ್ತಾ ಮನೆಯಲ್ಲಿ ಕೂರಲಿಲ್ಲ.

ನಮ್ಮವರ ಮಾತು ಬೇರೆ. "ಇಲ್ಲಿ ಬಿಟ್ಟರೆ ಇನ್ನೊಂದು ಕಡೆ ಜಾಸ್ತಿ ಸಂಬಳ ಸಿಗುತ್ತೆ" ಅನ್ನುತ್ತಾರೆ. ಇಪ್ಪತ್ತೆಂಟು ವಯಸ್ಸಿಗೆ ಈ ಮಾತು ಸರಿ. ನಲವತ್ತೆರಡಕ್ಕೆ, ಮನೆ ಸಾಲದ ಕಂತು ಇದ್ದಾಗ, ಹೇಳಿ ನೋಡೋಣ.

ಹಾಗಂತ ಇಲ್ಲಿ ಯಾರೂ ಸಂಘ ಕಟ್ಟಿಲ್ಲ ಅಂತಲ್ಲ. 2017ರಿಂದ ಕೆಐಟಿಯು ಅನ್ನುವ ಐಟಿ ನೌಕರರ ಸಂಘ ಇದೆ. 2024ರಲ್ಲಿ ದಿನಕ್ಕೆ 14 ಗಂಟೆವರೆಗೆ ದುಡಿಸಿಕೊಳ್ಳಲು ಅವಕಾಶ ಕೊಡುವ ಪ್ರಸ್ತಾಪ ರಾಜ್ಯ ಸರ್ಕಾರದ ಮುಂದೆ ಬಂದಾಗ ಬೀದಿಗೆ ಇಳಿದದ್ದು ಇದೇ ಸಂಘ. ಅದು ಕಾನೂನಾಗಲಿಲ್ಲ. ಹೊಸ ಯೂನಿಯನ್ ನೋಂದಾಯಿಸಲು ಅರ್ಜಿಗೆ ಏಳು ಜನರ ಸಹಿ ಬೇಕು. ಜೊತೆಗೆ ಕೆಲಸಗಾರರಲ್ಲಿ ಶೇಕಡಾ 10 ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಸದಸ್ಯರು ಇರಬೇಕು. ನಮ್ಮ ಒಗಟಿನ ಕಂಪನಿಯಲ್ಲಿ ಇದ್ದದ್ದು ಅರವತ್ತು ಜನ. ಏಳು ಜನ ಒಂದೇ ಮೇಜಿನಲ್ಲಿ ಊಟ ಮಾಡುತ್ತಿದ್ದೆವು.

ಈಗ ಬೇರೆ ಕಡೆ ಇದ್ದೇನೆ. ಅದೂ ಅಂಥ ಅಗತ್ಯದ ಕೆಲಸವೇನಲ್ಲ, ಫೋಟೋ ಚೆಂದ ಮಾಡುವ ಆಪ್. ಹೋದ ತಿಂಗಳು ಸಂಘದ ಸದಸ್ಯತ್ವದ ಫಾರಂ ತುಂಬಿದೆ. ಕಂಪನಿ ಹೆಸರು ಬರೆಯುವ ಜಾಗ ಬಂದಾಗ ಕೈ ನಿಂತಿತು. ಸುಮ್ನೆ ಖಾಲಿ ಬಿಡೋಣ ಅನ್ನಿಸಿತು. ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದು, ಆಮೇಲೆ ಬರೆದೆ.

ನಮಸ್ಕಾರ.